ನಕಾಶೆ ಕಂಡ ದಾರಿ

ಬೀದರ್ ಜಿಲ್ಲೆಯ ಡಾಬಕಾ, ಕಮಲನಗರ, ಔರಾದದ ಕಡೆ ಹೊಲದ ದಾರಿಯ ಜಗಳಕ್ಕೆ ಒಂದು ಗೊತ್ತಾದ ನಡೆ ಇದೆ. ಯಾರೋ ಹಳೆಯ ಬಂಡಿದಾರಿಯನ್ನು ಉತ್ತು ಸೋಯಾ ಬಿತ್ತುತ್ತಾರೆ. ಅದರಾಚೆಯ ಹೊಲದವರಿಗೆ ರಾಶಿಯಾದ ಕಾಳು ಮನೆಗೆ ತರಲು ಹಾದಿ ಇಲ್ಲದಂತಾಗುತ್ತದೆ. ಹಿರಿಯರು ಕೂಡುತ್ತಾರೆ. ನಮ್ಮಪ್ಪನ ಕಾಲಕ್ಕೆ ಇಲ್ಲಿ ಜೋಡೆತ್ತಿನ ಬಂಡಿ ಹೋಗುತ್ತಿತ್ತು ಎಂದು ಒಬ್ಬರು, ಅದು ಬರೀ ಕಾಲುಹಾದಿ ಎಂದು ಇನ್ನೊಬ್ಬರು. ಮಾತು ಬಗೆಹರಿಯದಾಗ ಯಾರಾದರೂ ಕೇಳಿಯೇ ಕೇಳುತ್ತಾರೆ: "ನಕಾಶೆದಾಗ ದಾರಿ ಅದ ಏನ್ರಿ?" ಗ್ರಾಮ ನಕಾಶೆಯಲ್ಲಿ ಆ ಸರ್ವೆ ನಂಬರಿನೊಳಗೆ ಚುಕ್ಕಿಗೆರೆ ಹಾದಿದ್ದರೆ ಅದು ನಕಾಶೆ ಕಂಡ ದಾರಿ. ಅದನ್ನು ತೆರೆಸಿಕೊಡಿ ಎಂದು ತಹಶೀಲ್ದಾರರ ಬಳಿ ಹೋಗಬಹುದು. ಗೆರೆ ಇಲ್ಲದಿದ್ದರೆ ಕೋರ್ಟಿನ ಮೆಟ್ಟಿಲು, ಇಲ್ಲವೇ ಹಗೆತನ.

ಈ ಜಗಳದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೆ. ನೆಲದ ಮೇಲೆ ದಾರಿ ಇಲ್ಲ. ಅಲ್ಲಿ ಮೊಳಕಾಲೆತ್ತರದ ಬೆಳೆ ನಿಂತಿದೆ. ಆದರೂ ದಾರಿ ಇದೆ ಎಂದು ಎಲ್ಲರೂ ಒಪ್ಪುತ್ತಾರೆ, ಉತ್ತವನೂ ಒಳಗೊಳಗೆ ಒಪ್ಪುತ್ತಾನೆ. ಹಾಗಾದರೆ ಆ ದಾರಿ ಇರುವುದೆಲ್ಲಿ?

ಬೀದರ್ ನಗರದ ಅಂಚಿನ ನೌಬಾದಿನಲ್ಲಿ ಇದಕ್ಕೆ ನೇರ ವಿರುದ್ಧವಾದದ್ದು ನಡೆಯಿತು. ಬಹಮನಿ ಅರಸರ ಕಾಲದಲ್ಲಿ, 15ನೇ ಶತಮಾನದಲ್ಲಿ, ಅಲ್ಲಿ ನೆಲದಡಿ ಕಾಲುವೆಯೊಂದನ್ನು ಕೊರೆದರು. ಕೆಂಪು ಜಂಬಿಟ್ಟಿಗೆಯ ಪದರದಲ್ಲಿ ಇಂಗಿದ ಮಳೆನೀರು ಕೆಳಗಿನ ಕರಿಕಲ್ಲಿಗೆ ತಾಗಿ ನಿಲ್ಲುತ್ತದೆ. ಆ ನೀರನ್ನು ಹಿಡಿದು, ಸಣ್ಣ ಇಳಿಜಾರಿನಲ್ಲಿ, ಯಾವ ಯಂತ್ರವೂ ಇಲ್ಲದೆ ಊರಿನ ಕಡೆ ಹರಿಸುವ ಪರ್ಷಿಯಾದ ವಿದ್ಯೆ ಅದು. ಕರೇಜ್ ಎಂದು ಅದರ ಹೆಸರು, ಜನರ ಬಾಯಲ್ಲಿ ಸುರಂಗ ಬಾವಿ. ಗಾಳಿ ಬೆಳಕಿಗಾಗಿ, ಹೂಳು ತೆಗೆಯಲಿಕ್ಕಾಗಿ ಅದರ ಉದ್ದಕ್ಕೂ 21 ಬಾಯಿಗಳನ್ನು ಬಿಟ್ಟಿದ್ದರು. ಕಾಲುವೆ ಎಲ್ಲಿಯೂ ಹೋಗಲಿಲ್ಲ, ಐದು ನೂರು ವರ್ಷ ನೆಲದಡಿಯೇ ಇತ್ತು. ಆದರೆ ಊರಿನ ಲೆಕ್ಕದಲ್ಲಿ ಅದು ಒಂದು ಕಾಲುವೆಯಾಗಿ ಉಳಿಯಲಿಲ್ಲ. ಇಲ್ಲೊಂದು ಹಾಳು ಬಾವಿ, ಅಲ್ಲೊಂದು ಹಾಳು ಬಾವಿ ಎಂದಷ್ಟೇ ಕಂಡಿತು. ಹಾಳು ಬಾವಿಗೆ ಕಸ ಸುರಿಯುವುದು ತಪ್ಪೆಂದು ಯಾರಿಗೂ ಅನ್ನಿಸುವುದಿಲ್ಲ. ಕೆಲವು ಬಾಯಿಗಳು ಮುಚ್ಚಿಹೋದವು, ಬಡಾವಣೆಗಳು ಹತ್ತಿರ ಬಂದವು. ಭೂಗೋಳ ವಿದ್ವಾಂಸ ವಿ. ಗೋವಿಂದನ್‌ಕುಟ್ಟಿ ಮತ್ತು ಅವರ ಜೊತೆಗಾರರು ಆ ಬಾಯಿಗಳನ್ನು ಒಂದೊಂದಾಗಿ ಗುರುತಿಸಿ ನಕ್ಷೆಯ ಮೇಲೆ ಇಟ್ಟಾಗ ಬಿಂದುಗಳೆಲ್ಲ ಕೂಡಿ ಗೆರೆಯಾದವು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ 2014ರ ತನ್ನ ಪಟ್ಟಿಯಲ್ಲಿ ಬೀದರ್ ನಗರವನ್ನು ಸೇರಿಸಿತು, ಹೂಳೆತ್ತುವ ಕೆಲಸ ನಡೆಯಿತು. ಹೊಸದಾಗಿ ಸಿಕ್ಕಿದ್ದು ನೀರಲ್ಲ, ಕಲ್ಲೂ ಅಲ್ಲ. ಇವೆಲ್ಲ ಒಂದೇ ಎಂಬ ಅರಿವು ಸಿಕ್ಕಿತು, ಅದು ಸಿಕ್ಕಿದ್ದು ಕಾಗದದ ಮೇಲೆ.

ಉತ್ತ ಹೊಲದಲ್ಲಿ ಕಾಗದ ದಾರಿಯನ್ನು ಉಳಿಸಿತು. ನೌಬಾದಿನಲ್ಲಿ ಕಾಗದ ಇಲ್ಲದ್ದರಿಂದ ಇದ್ದ ಕಾಲುವೆಯೂ ಇಲ್ಲದಂತಾಯಿತು. ಊರೊಂದರ ಯೋಜನೆಯ ಕಡತ, ರಸ್ತೆಯ ನಕಾಶೆ, ರೈಲು ಬಸ್ಸಿನ ದಾಖಲೆ ಇವುಗಳನ್ನು ಹಳೆಯದರ ಮೇಲಿನ ಮಮತೆಗಾಗಿ ಕಾಪಾಡಬೇಕು ಎನ್ನುವವರ ವಾದ ನನಗೆ ಸಾಲದು ಅನ್ನಿಸುವುದು ಇಲ್ಲಿ. ಮಮತೆಗೆ ಬೀದರಿನ ಕೋಟೆ ಸಾಕು, ಚೌಬಾರದ ಗೋಪುರ ಸಾಕು, ಅರ್ಧ ಕುಸಿದೂ ನಿಂತಿರುವ ಮಹಮೂದ್ ಗವಾನನ ಮದರಸಾ ಸಾಕು. ಕಲ್ಲು ತಾನು ಏನೆಂಬುದನ್ನು ತಾನೇ ಹೇಳಿಕೊಳ್ಳುತ್ತದೆ. ತಾನು ಯಾಕೆ ಇಲ್ಲಿದ್ದೇನೆ, ಬೇರೆಲ್ಲೋ ಇರಬಹುದಿತ್ತೇ, ಯಾರು ಬೇಡವೆಂದರು ಎಂಬುದನ್ನು ಅದು ಹೇಳಲಾರದು. ಕಟ್ಟಿದ್ದು ಕಣ್ಣಿಗೆ ಕಾಣುತ್ತದೆ. ಕಟ್ಟದೆ ಬಿಟ್ಟದ್ದಕ್ಕೆ, ಕೈಬಿಟ್ಟ ದಾರಿಗೆ, ತಳ್ಳಿಹಾಕಿದ ಬೇಡಿಕೆಗೆ ಕಾಗದ ಬಿಟ್ಟು ಬೇರೆ ಮನೆಯಿಲ್ಲ.

ನಮ್ಮ ಜಿಲ್ಲೆಯ ರೈಲನ್ನೇ ನೋಡೋಣ. ನಿಜಾಮರ ಕಾಲದಲ್ಲಿ, 1930ರ ಆಸುಪಾಸಿಗೆ, ವಿಕಾರಾಬಾದಿನಿಂದ ಬೀದರಿಗೆ ಹಳಿ ಬಂತು. ಮುಂದೆ ಭಾಲ್ಕಿ, ಕಮಲನಗರ, ಉದಗೀರ ಹಾದು ಪರಳಿಗೆ ಹೋಯಿತು. ಭಾಲ್ಕಿಯ ಪೇಟೆಗೆ ರೈಲು ಸಿಕ್ಕಿತು. ಔರಾದಕ್ಕೆ ಸಿಗಲಿಲ್ಲ. ಒಂದೇ ಜಿಲ್ಲೆಯ ಎರಡು ಊರುಗಳ ಹಣೆಬರಹ ಬೇರೆಯಾದದ್ದಕ್ಕೆ ಹಳಿ ಸಾಕ್ಷಿ ಹೇಳಬಲ್ಲದು, ಕಾರಣ ಹೇಳಲಾರದು. ಯಾವ ಯಾವ ಮಾರ್ಗ ಅಳೆದಿದ್ದರು, ಎಲ್ಲಿ ಸೇತುವೆಯ ಖರ್ಚು ಹೆಚ್ಚಾಯಿತು, ಯಾವ ಜಹಗೀರದಾರನ ಮಾತು ನಡೆಯಿತು ಎಂಬುದು ಅಳತೆಯ ಕಡತದಲ್ಲಷ್ಟೇ ಇರುವ ಸಂಗತಿ. ಕಡತ ಕಣ್ಮರೆಯಾದ ದಿನ ಒಂದು ವಿಚಿತ್ರ ನಡೆಯುತ್ತದೆ: ಮನುಷ್ಯರು ಮಾಡಿದ ಆಯ್ಕೆ ಪ್ರಕೃತಿಯ ನಿಯಮದ ಹಾಗೆ ಕಾಣತೊಡಗುತ್ತದೆ. ಔರಾದ ಹಿಂದುಳಿದದ್ದು, ಭಾಲ್ಕಿ ಮುಂದುವರಿದದ್ದು, ಬಿಸಿಲು ಬಿದ್ದಷ್ಟೇ ಸಹಜ ಎನ್ನಿಸುತ್ತದೆ. ಹಿಂದುಳಿದ ಪ್ರದೇಶ ಎಂಬ ಹಣೆಪಟ್ಟಿ ಹೊತ್ತ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ. ಯಾರೋ ತೀರ್ಮಾನಿಸಿದ್ದನ್ನು ಇನ್ನೊಮ್ಮೆ ತೀರ್ಮಾನಿಸಬಹುದು ಎಂಬ ಧೈರ್ಯವೇ ಅದರ ಜೊತೆ ಹೋಗುತ್ತದೆ.

ಆ ಕಾಗದಗಳು ಎಷ್ಟು ಕೈ ದಾಟಿದವೆಂದು ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ. ನಿಜಾಮರ ರೈಲ್ವೆ 1950ರಲ್ಲಿ ಕೇಂದ್ರದ ವಶವಾಗಿ, 1951ರಲ್ಲಿ ಮಧ್ಯ ರೈಲ್ವೆಗೆ ಸೇರಿ, 1966ರಿಂದ ದಕ್ಷಿಣ ಮಧ್ಯ ರೈಲ್ವೆಯಾಗಿದೆ. ಬೀದರ್ ನಿಲ್ದಾಣ ಕರ್ನಾಟಕದಲ್ಲಿದ್ದರೂ ಅದರ ಆಡಳಿತ ಸಿಕಂದರಾಬಾದಿನದು. ಬಸ್ಸಿನ ಕತೆ ಇನ್ನೂ ಉದ್ದ. 1932ರಲ್ಲಿ ನಿಜಾಮರ ರೈಲ್ವೆಯೇ 27 ಬಸ್ಸುಗಳೊಂದಿಗೆ ಶುರು ಮಾಡಿದ ರಸ್ತೆ ಸಾರಿಗೆ, ಹೈದರಾಬಾದ್ ರಾಜ್ಯ ಒಡೆದಾಗ ಪಾಲಾಯಿತು. ನಮ್ಮ ಪಾಲಿನದು ಮೈಸೂರು ರಾಜ್ಯ ಸಾರಿಗೆಗೆ, 2000ದಲ್ಲಿ ಈಶಾನ್ಯ ಸಾರಿಗೆಗೆ, ಈಗ ಕಲ್ಯಾಣ ಕರ್ನಾಟಕ ಸಾರಿಗೆಗೆ. ಪ್ರತಿ ಹಸ್ತಾಂತರದಲ್ಲೂ ಬಸ್ಸು, ಡಿಪೊ, ನೌಕರರ ಪಟ್ಟಿಯನ್ನು ಎಣಿಸಿ ಕೊಡುತ್ತಾರೆ. ಹಳೆಯ ಕಡತದ ಗಂಟನ್ನು ಎಣಿಸಿ ಕೊಡುವ ಪುಣ್ಯಾತ್ಮರು ವಿರಳ.

ಜಿಲ್ಲೆಯೂ ಒಡೆಯಿತು. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆಯ ಉದಗೀರ, ನಿಲಂಗಾ, ಅಹಮದ್‌ಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಪಾಲು ಆಂಧ್ರಕ್ಕೆ ಹೋದವು. ಡಾಬಕಾದವರು ಸಂತೆಗೆ, ದವಾಖಾನೆಗೆ, ಬೀಗರ ಮನೆಗೆ ಉದಗೀರಕ್ಕೆ ಹೋಗುವುದನ್ನು ನಿಲ್ಲಿಸಲಿಲ್ಲ. ಆದರೆ ಆ ದಾರಿಯ ಕಾಗದ ಎರಡು ರಾಜ್ಯಗಳ ಕಪಾಟು ಸೇರಿತು. ನಿಜಾಮ ಆಡಳಿತದ ದಫ್ತರಗಳ ದೊಡ್ಡ ರಾಶಿ ಇರುವುದು ಹೈದರಾಬಾದಿನ ತಾರ್ನಾಕಾದ ರಾಜ್ಯ ಪತ್ರಾಗಾರದಲ್ಲಿ, ಫಾರ್ಸಿಯಲ್ಲಿ, ಉರ್ದುವಿನಲ್ಲಿ.

ಬೀದರಿನ ಸಾರಿಗೆಯ ಬಗ್ಗೆ ನಮಗೆ ಸಿಗುವ ಅತ್ಯಂತ ಹಳೆಯ ಕಣ್ಣಾರೆ ಕಂಡ ಬರಹಗಳಲ್ಲಿ ಒಂದು ರಷ್ಯಾದಲ್ಲಿ ಉಳಿಯಿತು ಎಂಬುದನ್ನು ನೆನೆದರೆ ಈ ಚದುರುವಿಕೆಯ ಇನ್ನೊಂದು ಮುಖ ಕಾಣುತ್ತದೆ. ತ್ವೆರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಹೊತ್ತಿಗೆ ಚೌಲ ಬಂದರಿಗೆ ಇಳಿದು, ಜುನ್ನರ ಹಾದು, ಬೀದರಿಗೆ ಬಂದ. ತನ್ನ ಕುದುರೆ ಮಾರಿದ್ದು ಇಲ್ಲಿಯೇ. ಯಾವ ಊರಿಂದ ಯಾವ ಊರಿಗೆ ಎಷ್ಟು ದಿನದ ಹಾದಿ, ಎಷ್ಟು ಹರದಾರಿ, ಆಳಂದದ ಜಾತ್ರೆಗೆ ಎಷ್ಟು ದಿನ ಕುದುರೆ ಮಾರಾಟ ಎಂದೆಲ್ಲ ಬರೆದುಕೊಂಡ. ಅವನು ಮನೆ ಮುಟ್ಟುವ ಮೊದಲೇ ಸ್ಮೋಲೆನ್ಸ್ಕ್ ಹತ್ತಿರ ತೀರಿಕೊಂಡ. ಸಂಗಡದ ವ್ಯಾಪಾರಿಗಳು ಆ ಹಾಳೆಗಳನ್ನು ಮಾಸ್ಕೋದ ಸರ್ಕಾರಿ ಬರಹಗಾರನೊಬ್ಬನಿಗೆ ತಲುಪಿಸಿದರು, ಅಲ್ಲಿಂದ ಅವು ರಷ್ಯಾದ ವೃತ್ತಾಂತ ಗ್ರಂಥದೊಳಗೆ ಸೇರಿದವು. ಅವನು ಎಂಥ ಬರಹಗಾರನೆಂಬುದು ಆ ಉಳಿವಿಗೆ ಕಾರಣವಲ್ಲ. ಒಬ್ಬ ಗುಮಾಸ್ತ ಇದನ್ನು ಎಸೆಯಬಾರದು ಅಂದುಕೊಂಡ, ಅಷ್ಟೇ.

ಅದೇ ದಶಕದಲ್ಲಿ ಇಲ್ಲಿ ಮಹಮೂದ್ ಗವಾನ್ ಬಹಮನಿ ಸುಲ್ತಾನನ ವಜೀರನಾಗಿದ್ದ. ಭೂಮಿಯನ್ನು ಅಳೆಸಿ, ಹಳ್ಳಿಗಳ ಗಡಿ ಗೊತ್ತುಮಾಡಿಸಿ, ನಾಲ್ಕು ದೊಡ್ಡ ಪ್ರಾಂತ್ಯಗಳನ್ನು ಎಂಟು ಮಾಡಿದವನು. ದಾಖಲೆಯ ಬಲ ಅರಿತ ಆ ಮನುಷ್ಯನನ್ನು 1481ರಲ್ಲಿ ಕೊಂದದ್ದೂ ಒಂದು ದಾಖಲೆಯೇ. ಅವನ ಮುದ್ರೆ ಒತ್ತಿದ ಖಾಲಿ ಕಾಗದದ ಮೇಲೆ ವೈರಿಗಳು ಒರಿಸ್ಸಾದ ಅರಸನಿಗೆ ರಾಜದ್ರೋಹದ ಪತ್ರ ಬರೆಸಿದರು, ಸುಲ್ತಾನ ಅದನ್ನು ನಂಬಿದ. ಮುದ್ರೆ ನನ್ನದು, ಪತ್ರ ನನ್ನದಲ್ಲ ಎಂದು ಗವಾನ್ ಹೇಳಿದ್ದು ವ್ಯರ್ಥವಾಯಿತೆಂದು ಇತಿಹಾಸಕಾರ ಫರಿಷ್ತಾ ದಾಖಲಿಸುತ್ತಾನೆ. ಈ ಪ್ರಸಂಗವನ್ನು ನಾನು ದಾಖಲೆಗಳ ವಿರುದ್ಧದ ಸಾಕ್ಷಿಯಾಗಿ ಓದುವುದಿಲ್ಲ. ಒಂಟಿ ಹಾಳೆ ಯಾವ ಸುಳ್ಳನ್ನಾದರೂ ಹೇಳಬಲ್ಲದು. ಹೋದ ಪತ್ರ, ಬಂದ ಪತ್ರಗಳ ಸಾಲು, ಒಂದು ವಹಿಯ ಹಿಂದೆ ಇನ್ನೊಂದು ವಹಿ, ಹಿಂದಿನ ನಂಬರು ಮುಂದಿನ ನಂಬರು ಇರುವಲ್ಲಿ ಸುಳ್ಳು ಹಾಳೆಗೆ ಕೂರಲು ಜಾಗ ಸಿಗುವುದಿಲ್ಲ. ಆದ್ದರಿಂದ ಹಳೆಯ ಕಡತದ ರಾಶಿಯಿಂದ ಅಂದದ ಫರ್ಮಾನು, ಬಣ್ಣದ ನಕ್ಷೆ ಆರಿಸಿ ಗಾಜಿನ ಚೌಕಟ್ಟಿಗೆ ಹಾಕಿ ಉಳಿದದ್ದನ್ನು ರದ್ದಿಗೆ ಕೊಡುವುದು ಸಂರಕ್ಷಣೆಯೇ ಅಲ್ಲ. ದಾಖಲೆಯ ಪ್ರಾಣ ಅದರ ನೆರೆಹೊರೆಯಲ್ಲಿದೆ. ಇವತ್ತು ನಕಲಿ ಪಹಣಿ, ನಕಲಿ ಲೇಔಟ್ ಮಂಜೂರಾತಿಯಿಂದ ನಿವೇಶನ ಕೊಂಡು ಕೆಟ್ಟವರಿಗೆ ಇದು ಬೇರೆಯವರು ಹೇಳಿಕೊಡಬೇಕಾದ ಪಾಠವಲ್ಲ.

ಎಲ್ಲವನ್ನೂ ಇಡಲು ಜಾಗವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದು. ಕಚೇರಿಗಳಲ್ಲಿ ಅದಕ್ಕೊಂದು ಉತ್ತರ ಸಿದ್ಧವಿದೆ. ಮುಗಿದ ಕಡತಕ್ಕೆ ವರ್ಗ ಹಾಕುತ್ತಾರೆ: ಎ ಆದರೆ ಶಾಶ್ವತ, ಬಿ ಆದರೆ 30 ವರ್ಷ, ಸಿ 10, ಡಿ 5, ಇ ಒಂದೇ ವರ್ಷ. ವ್ಯವಸ್ಥೆ ಬೇಕು, ಒಪ್ಪುತ್ತೇನೆ. ಆದರೆ ಮಹತ್ವವನ್ನು ಅಳೆಯುವವರು ಇಂದಿನ ಪ್ರಶ್ನೆಗಳಿಂದ ಅಳೆಯುತ್ತಾರೆ, ದಾಖಲೆ ಬೇಕಾಗುವುದು ಇನ್ನೂ ಯಾರೂ ಕೇಳದ ಪ್ರಶ್ನೆಗೆ. ಬಸ್ಸಿನ ಕಂಡಕ್ಟರ್ ತುಂಬುವ ವೇಬಿಲ್, ಡಿಪೊದ ವಿದ್ಯಾರ್ಥಿ ಪಾಸಿನ ವಹಿ ಇವಕ್ಕಿಂತ ಕ್ಷುಲ್ಲಕ ಕಾಗದ ಯಾವುದಿದೆ? ಲೆಕ್ಕ ತಪಾಸಣೆ ಮುಗಿದರೆ ಅವುಗಳ ಆಯುಷ್ಯ ಮುಗಿಯಿತು. ಆದರೆ ಗಡಿ ಹಳ್ಳಿಗಳ ಹೆಣ್ಣುಮಕ್ಕಳು ಯಾವ ವರ್ಷದಿಂದ ಭಾಲ್ಕಿಯ ಕಾಲೇಜಿಗೆ ಬಸ್ಸು ಹತ್ತಿದರು, ಯಾವ ಊರಿಂದ ಮೊದಲು ಒಬ್ಬಳು, ಆಮೇಲೆ ನಾಲ್ವರು, ಆಮೇಲೆ ಹದಿನೈದು ಮಂದಿ ಹೊರಟರು, ಯಾವ ಟ್ರಿಪ್ ನಿಂತಾಗ ಓದು ನಿಂತಿತು ಎಂಬುದನ್ನು ಆ ಪಾಸಿನ ವಹಿಯಷ್ಟು ಖಚಿತವಾಗಿ ಯಾವ ಸಚಿವರ ಭಾಷಣವೂ ಹೇಳಲಾರದು. ಭಾಷಣದ ಕಡತಕ್ಕೆ ಎ ವರ್ಗ ಸಿಗುತ್ತದೆ.

ಹಾಗೆಯೇ ಮಹಾಯೋಜನೆಯ ವಿಷಯ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ನಗರದ ಯೋಜನೆ ಪ್ರಕಟವಾದಾಗ ಜನರಿಂದ ಆಕ್ಷೇಪಣೆ ಕರೆಯುತ್ತಾರೆ. ಅಂತಿಮ ನಕ್ಷೆಗೆ ಲ್ಯಾಮಿನೇಷನ್ ಆಗುತ್ತದೆ, ಆಕ್ಷೇಪಣೆಯ ಅರ್ಜಿಗಳು ಗೋಣಿಚೀಲ ಸೇರುತ್ತವೆ. ನನ್ನ ಕೈಯಲ್ಲಿ ಅಧಿಕಾರವಿದ್ದರೆ ಮೊದಲು ಉಳಿಸುವುದು ಆ ಅರ್ಜಿಗಳನ್ನೇ. ನಕ್ಷೆ ನೆಲದ ಮೇಲೆ ರಸ್ತೆಯಾಗಿ ಹೇಗೂ ಉಳಿಯುತ್ತದೆ.

ದಾಖಲೆ ಕಾಪಾಡಬೇಕೆಂಬ ಈ ವಾದಕ್ಕೊಂದು ಗಂಭೀರ ಆಕ್ಷೇಪವಿದೆ, ಅದನ್ನು ಹಗುರವಾಗಿ ದಾಟಲಾರೆ. ದಾಖಲೆ ಆಳುವವನ ಕಣ್ಣು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು ಎಂಬುದು ನಮ್ಮ ಭಾಗದ ಮನೆಮಾತು. ಅಂದಿನ ಕಡತ ಅದನ್ನು ಉರ್ದು ಶಾಲೆ ಎಂದೇ ಕಂಡಿರಬೇಕು. ಲಂಬಾಣಿ ತಾಂಡಾಗಳ ಗತಿ ಇನ್ನೂ ಕಠೋರ: ತಲೆಮಾರುಗಳಿಂದ ಜನ ಬಾಳಿದ ಜಾಗ ಕಂದಾಯದ ನಕಾಶೆಯಲ್ಲಿ ಊರೇ ಅಲ್ಲ. 2023ರ ಜನವರಿಯಲ್ಲಿ ಬೀದರ್ ಸೇರಿ ಐದು ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡಬೇಕಾಗಿ ಬಂದದ್ದೇ ಆ ನಕಾಶೆಯ ಕುರುಡಿಗೆ ಪುರಾವೆ. ಇಂಥ ಕಾಗದವನ್ನು ಯಾಕೆ ಪೂಜಿಸಬೇಕು?

ಪೂಜಿಸಬೇಕಾಗಿಲ್ಲ. ಆದರೆ ತಾಂಡಾ ಕಾಣದ ಆ ನಕಾಶೆಯನ್ನು ಸುಟ್ಟರೆ ತಾಂಡಾ ಕಾಣುವುದಿಲ್ಲ. ಅದನ್ನು ಕಾಣದೆ ಬಿಟ್ಟವರ ಗುರುತು ಅಳಿಯುತ್ತದೆ. ಫಲಕದ ಸುಳ್ಳು ಕಡತದಲ್ಲಿ ಉಳಿದಿದ್ದರೆ ಮಾತ್ರ ಒಳಗಿನ ಕನ್ನಡದ ಧೈರ್ಯ ಎಷ್ಟು ದೊಡ್ಡದೆಂದು ಮೊಮ್ಮಕ್ಕಳಿಗೆ ಗೊತ್ತಾಗುತ್ತದೆ. ಜನರ ನೆನಪು ಕಡತವನ್ನು ತಿದ್ದಬೇಕು, ಕಡತ ನೆನಪನ್ನು ಅಳೆಯಬೇಕು. ಎರಡರಲ್ಲಿ ಒಂದೇ ಉಳಿದರೆ ಉಳಿದದ್ದು ತನ್ನನ್ನೇ ಸತ್ಯವೆಂದು ಸಾರಿಕೊಳ್ಳುತ್ತದೆ.

ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಭೂಸುರಕ್ಷಾ ಯೋಜನೆಯಲ್ಲಿ ಕಂದಾಯ ಇಲಾಖೆ ಆ ಕೆಲಸ ಹಿಡಿದಿದೆ, ಅದು ದೊಡ್ಡ ಹೆಜ್ಜೆ. ಆದರೆ ನಮ್ಮ ಭಾಗದ ಹಳೆಯ ಖಾಸ್ರಾ, ಸೇತ್ವಾರ್ ಎಂಬ ಭೂದಾಖಲೆಗಳು ಉರ್ದುವಿನಲ್ಲಿವೆ, ಕೆಲವು ಮೋಡಿ ಲಿಪಿಯಲ್ಲಿ. ನಕಲು ಸಿಕ್ಕ ರೈತ ಅದನ್ನು ಓದಿಸಲು ಯಾವುದೋ ನಿವೃತ್ತ ಮೇಷ್ಟರನ್ನೋ ಮಸೀದಿಯ ಮೌಲವಿ ಸಾಹೇಬರನ್ನೋ ಹುಡುಕಿಕೊಂಡು ಹೋಗುತ್ತಾನೆ. ಓದುವವರಿಲ್ಲದ ಸ್ಕ್ಯಾನ್ ಕಸ ತುಂಬಿದ ಸುರಂಗ ಬಾವಿಯೇ. ಬೀದರಿನಲ್ಲಿ ಉರ್ದು, ಮರಾಠಿ, ಕನ್ನಡ ಮೂರೂ ಬಲ್ಲ ಹುಡುಗ ಹುಡುಗಿಯರಿಗೆ ಇಂದಿಗೂ ಬರವಿಲ್ಲ. ಅವರಿಗೆ ಹಳೆಯ ದಫ್ತರ ಓದುವ ತರಬೇತಿ, ಒಂದು ಸಂಬಳ, ಜಿಲ್ಲಾ ಕೇಂದ್ರದಲ್ಲಿ ಸೋರದ ಒಂದು ಕೋಣೆ ಕೊಟ್ಟರೆ ಹತ್ತು ಯಂತ್ರಗಳ ಕೆಲಸ ಮಾಡಿಯಾರು. ಗುಲಾಂ ಯಜ್ದಾನಿಯವರು ಬೀದರಿನ ಸ್ಮಾರಕಗಳನ್ನು ಅಳೆಸಿ, ಶಾಸನ ಓದಿ, ನಕ್ಷೆ ಸಹಿತ 1947ರಲ್ಲಿ ಹೊರತಂದ ಗ್ರಂಥವನ್ನು ಇಲ್ಲಿ ಕೆಲಸ ಮಾಡುವವರು ಇಂದಿಗೂ ತೆರೆಯುತ್ತಾರೆ. ರಸ್ತೆ, ರೈಲು, ನೀರು, ಬಡಾವಣೆಗಳಿಗೆ ಅಂಥ ಒಂದು ಗ್ರಂಥ ಯಾಕೆ ಬೇಡ?

ಈಗ ನಾಂದೇಡಿನಿಂದ ದೇಗಲೂರು, ಔರಾದ ಹಾದು ಬೀದರಿಗೆ ಹೊಸ ರೈಲು ಮಾರ್ಗದ ಮಾತು ನಡೆದಿದೆ. ಅದರ ಅಳತೆ, ಬದಲಿ ಮಾರ್ಗಗಳ ಗೆರೆ, ಯಾರ ಹೊಲ ಹೋಗುತ್ತದೆ, ಯಾವ ಹಳ್ಳಿ ನಿಲ್ದಾಣ ಕೇಳಿತು ಎಂಬ ಕಾಗದಗಳು ಇದೇ ನಮ್ಮ ಕಾಲದಲ್ಲಿ, ಮರಾಠಿ, ಕನ್ನಡ, ಇಂಗ್ಲಿಷಿನಲ್ಲಿ, ಎರಡು ರಾಜ್ಯಗಳ ಹಲವು ಕಚೇರಿಗಳಲ್ಲಿ ಹುಟ್ಟುತ್ತವೆ. ಆ ಅಳತೆಯ ಕಡತದ ಒಂದು ಪೂರ್ಣ ಪ್ರತಿ, ಕೈಬಿಟ್ಟ ಮಾರ್ಗಗಳ ನಕ್ಷೆಯನ್ನೂ ಬಂದ ಎಲ್ಲ ಆಕ್ಷೇಪಣೆಗಳನ್ನೂ ಸೇರಿಸಿ, ಔರಾದದ ಸಾರ್ವಜನಿಕ ಗ್ರಂಥಾಲಯದಲ್ಲಿ ಯಾರು ಬೇಕಾದರೂ ತೆರೆದು ನೋಡುವಂತೆ ಇರಬೇಕು. ಕೇಳುವುದಿದ್ದರೆ ಹಳಿ ಬೀಳುವ ಮೊದಲೇ ಕೇಳಬೇಕು. ಅರ್ಜಿಯನ್ನು ಗ್ರಾಮ ಪಂಚಾಯಿತಿಯ ಠರಾವಾಗಿ ಬರೆದು, ನಂಬರು ಹಾಕಿಸಿ, ಸ್ವೀಕೃತಿ ಪಡೆದು ಇಟ್ಟುಕೊಳ್ಳುವ ಕೆಲಸವನ್ನು ಡಾಬಕಾದಂಥ ಊರುಗಳು ಈ ವರ್ಷವೇ ಶುರು ಮಾಡಬಹುದು.