ನಾಲಿಗೆಯ ನಕ್ಷೆ

ಸಮಾಜ ಪಾಠ ಹೇಳುವವರಿಗೆ ನಕ್ಷೆಯ ಮೇಲೊಂದು ಮೋಹ ಇದ್ದೇ ಇರುತ್ತದೆ. ಗೋಡೆಗೆ ಭಾರತದ ನಕ್ಷೆ ತೂಗುಹಾಕಿ, ಕೋಲಿನ ತುದಿಯನ್ನು ತಲಕಾವೇರಿಯ ಮೇಲಿಟ್ಟು ಪೂಂಪುಹಾರಿನವರೆಗೆ ಎಳೆದರೆ ಸಾಕು, ಸುಮಾರು 800 ಕಿಲೋಮೀಟರ್ ಹರಿಯುವ ಕಾವೇರಿ ಅರ್ಧ ನಿಮಿಷದಲ್ಲಿ ಸಮುದ್ರ ಸೇರಿಬಿಡುತ್ತಾಳೆ. ಇಷ್ಟು ದೊಡ್ಡ ನಾಡು ನನ್ನ ಕೈಗೆ ಸಿಕ್ಕಿತಲ್ಲ ಎಂದು ಮಕ್ಕಳಿಗಿಂತ ನನಗೇ ಹೆಚ್ಚು ಖುಷಿ. ಮನೆಯಲ್ಲೂ ಇದೇ ಚಾಳಿ. ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ, ಸಾಸಿವೆ ಡಬ್ಬಿಯಲ್ಲಿ ಜೀರಿಗೆ ತುಂಬಿಟ್ಟವರ ಮೇಲೆ ರೇಗುವವಳು ನಾನು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಏಳನೇ ತರಗತಿಯ ವಿಜ್ಞಾನವೂ ನನ್ನ ಪಾಲಿಗೆ ಬಂತು. ಬಿ.ಎ. ಓದಿದವಳಿಗೆ ವಿಜ್ಞಾನವೇ ಎಂದು ಕೇಳಬೇಡಿ. ವಿಜ್ಞಾನದ ಮೇಷ್ಟ್ರಿಗೆ ವರ್ಗವಾಗಿತ್ತು, ಪಾಠ ನಿಲ್ಲುವಂತಿರಲಿಲ್ಲ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ನಾಲಿಗೆಯ ಚಿತ್ರ. ತುದಿಯಲ್ಲಿ ಸಿಹಿ, ಅದರ ಪಕ್ಕ ಉಪ್ಪು, ಅಂಚಿನಲ್ಲಿ ಹುಳಿ, ಬುಡದಲ್ಲಿ ಕಹಿ. ನಾಲ್ಕೇ ಜಿಲ್ಲೆಗಳ ಪುಟ್ಟ ರಾಜ್ಯದ ಹಾಗೆ! ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಗಡಿಗಳನ್ನು ತಿದ್ದಿ ತೀಡಿದ್ದೇ ತೀಡಿದ್ದು.

ಯುಗಾದಿಯ ಮರುದಿನ, ಪರೀಕ್ಷೆಗೆಂದು ಮತ್ತೆ ಅದೇ ಪಾಠ ತಿರುವಿ ಹಾಕುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮಿಸ್, ನಿನ್ನೆ ಬೇವು ತಿಂದಾಗ ನನಗೆ ತುದೀಲೇ ಕಹಿ ಆಯ್ತು.”

“ನೀನು ಸರಿಯಾಗಿ ಗಮನಿಸಿಲ್ಲ, ಕೂತ್ಕೋ” ಎಂದೆ. ಹಿಂದಿನ ದಿನ ನಾನೂ ಬೇವು-ಬೆಲ್ಲ ತಿಂದವಳೇ. ಆದರೆ ನನ್ನ ನಾಲಿಗೆಯನ್ನು ಒಂದು ಮಾತು ಕೇಳಬೇಕೆಂದು ತೋಚಲೇ ಇಲ್ಲ. ಪರೀಕ್ಷೆಯಲ್ಲಿ ಅವಳು ನಾಲಿಗೆ ಬರೆದು, ಮಧ್ಯದಲ್ಲಿ ‘ಎಲ್ಲಾ ರುಚಿ’ ಎಂದು ಒಂದೇ ಮಾತು ಬರೆದಿದ್ದಳು. ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದೆ.

ಅವಳೇ ಸರಿ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 1901ರಲ್ಲಿ ಹೆನಿಗ್ ಎಂಬ ಜರ್ಮನ್ ವಿಜ್ಞಾನಿ ನಾಲಿಗೆಯ ಬೇರೆ ಬೇರೆ ಭಾಗಗಳು ರುಚಿ ಹಿಡಿಯುವುದರಲ್ಲಿ ತುಸು ಹೆಚ್ಚುಕಡಿಮೆ ಇದೆ ಎಂದಿದ್ದನಂತೆ. ತುಸು, ಅಷ್ಟೆ. 1942ರಲ್ಲಿ ಅಮೆರಿಕದ ಎಡ್ವಿನ್ ಬೋರಿಂಗ್ ತಮ್ಮ ಪುಸ್ತಕದಲ್ಲಿ ಅದನ್ನೇ ಗೆರೆಚಿತ್ರವಾಗಿ ಕೊಟ್ಟರು. ನೋಡಿದವರು ಆ ತುಸುವನ್ನು ಗಡಿಗೆರೆ ಎಂದುಕೊಂಡರು. 1974ರಲ್ಲಿ ವರ್ಜೀನಿಯಾ ಕಾಲಿಂಗ್ಸ್ ಎಂಬಾಕೆ ಮತ್ತೆ ಪರೀಕ್ಷಿಸಿ, ವ್ಯತ್ಯಾಸ ಅತ್ಯಲ್ಪ, ಎಲ್ಲ ಕಡೆಯೂ ಎಲ್ಲ ರುಚಿ ತಿಳಿಯುತ್ತದೆ ಎಂದು ತೋರಿಸಿದರು. ನಾನು ಸೊನ್ನೆ ಸುತ್ತುವ ಎಷ್ಟೋ ವರ್ಷ ಮೊದಲೇ! ಅದಿರಲಿ, ಷಡ್ರಸದಲ್ಲಿ ಬೆಳೆದವಳಿಗೆ ಆ ಚಿತ್ರದಲ್ಲಿ ಒಗರಿಗೆ ಜಾಗವೇ ಇಲ್ಲವಲ್ಲ ಎಂದಾದರೂ ಅನ್ನಿಸಬಾರದಿತ್ತೆ? ದಿನಾ ಬಾಯಲ್ಲಿ ಅಡಿಕೆ ಹಾಕಿಕೊಂಡೇ ಇರುತ್ತಿದ್ದೆ.

ಮನಸ್ಸಿಗೂ ನಕ್ಷೆ ಬರೆದವರಿದ್ದಾರೆ. 1654ರಲ್ಲಿ ಫ್ರಾನ್ಸಿನ ಲೇಖಕಿ ಮಾದ್‌ಲೆನ್ ದ ಸ್ಕುದೇರಿಯ ‘ಕ್ಲೆಲಿ’ ಕಾದಂಬರಿಯ ಜೊತೆಗೆ ಒಲವಿನ ನಾಡಿನದೊಂದು ನಕ್ಷೆ ಅಚ್ಚಾಯಿತು. ಹೊಸ ಸ್ನೇಹ ಎಂಬ ಊರಿನಿಂದ ಹೊರಡಬೇಕು. ಪುಟ್ಟ ಪುಟ್ಟ ಉಪಚಾರ ಎಂಬ ಹಳ್ಳಿ ದಾಟಿದರೆ ದಾರಿ ಸರಿ. ಅಲಕ್ಷ್ಯ, ಮರೆವು ಎಂಬ ಹಳ್ಳಿಗಳ ಕಡೆ ಹೊರಳಿದಿರೋ, ಉದಾಸೀನದ ಸರೋವರಕ್ಕೆ ಹೋಗಿ ಬಿದ್ದಿರಿ. ಎಷ್ಟು ಸಂಸಾರಗಳು ಅಲ್ಲೇ ಈಜುತ್ತಿವೆಯೋ! ಆ ಹೆಂಗಸಿನ ಜಾಣತನ ನನಗೆ ಕಂಡದ್ದು ನಕ್ಷೆಯ ಮೇಲಂಚಿನಲ್ಲಿ. ಅಪಾಯದ ಸಮುದ್ರದ ಆಚೆ ‘ತಿಳಿಯದ ನೆಲ’ ಎಂದಷ್ಟೇ ಬರೆದು ಬಿಟ್ಟಿದ್ದಾಳೆ.

ನನಗೆ ಹಾಗೆ ಬಿಡಲು ಬಂದಿಲ್ಲ. ತಂಗಿಯ ಗಂಡ ತೀರಿಕೊಂಡಾಗ ಅವಳು ಅಳಲಿಲ್ಲ. ಬಂದವರಿಗೆ ಕಾಫಿ ಆಯಿತೇ ಎಂದು ವಿಚಾರಿಸುತ್ತ, ಬ್ಯಾಂಕಿನ ಕಾಗದ ಹುಡುಕುತ್ತ ಓಡಾಡಿದಳು. ದುಃಖಕ್ಕೂ ನಾವು ದಾರಿ ಗೊತ್ತುಮಾಡಿದ್ದೇವೆ: ಮೊದಲ ದಿನ ಇಷ್ಟು, ಹತ್ತನೇ ದಿನ ಇಷ್ಟು, ವೈಕುಂಠ ಸಮಾರಾಧನೆಯ ದಿನ ಹೋಳಿಗೆ ಬಡಿಸುವಾಗ ಒಂದಿಷ್ಟು. ಅದನ್ನು ಆಡಿಕೊಳ್ಳುವುದಿಲ್ಲ. ಅಪ್ಪ ಹೋದಾಗ ಆ ದಿನಗಳ ಲೆಕ್ಕವೇ ನನ್ನನ್ನು ಕೈಹಿಡಿದು ನಡೆಸಿತ್ತು. ಆದರೆ ಹದಿಮೂರನೇ ದಿನವೂ ತಂಗಿಯ ಕಣ್ಣು ಒಣಗಿಯೇ ಇದ್ದಾಗ, ಅವಳನ್ನು ಕೋಣೆಗೆ ಕರೆದು, “ಒಂದು ಸಲ ಅತ್ತುಬಿಡೇ, ಜನ ಏನಂದ್ಕೋತಾರೆ” ಎಂದೆ.

ಅವಳು ಸೆರಗು ಸರಿಮಾಡಿಕೊಳ್ಳುತ್ತ ನನ್ನನ್ನೇ ನೋಡಿದಳು. “ನಿನಗೆ ಕಾಣೋ ಹಾಗೆ ಅಳಬೇಕಿತ್ತಾ, ಅಕ್ಕಾ?”

ಕೆಂಪು ಶಾಯಿಯ ಆ ಸೊನ್ನೆ ನೆನಪಿಗೆ ಬಂದದ್ದು ಆಗ. ಹುಡುಗಿ ಈಗ ಎಲ್ಲಿದ್ದಾಳೋ, ಅವಳ ಅಂಕ ಹೋದದ್ದು ಹೋಯಿತು. ತಂಗಿಯಾದರೂ ಇದ್ದಾಳೆ. ಮೊನ್ನೆ ಫೋನ್ ಮಾಡಿದಳು; ದನಿ ಭಾರವಾಗಿತ್ತು, ನೆಗಡಿಯೋ ಏನೋ. ಏನಾಯಿತೇ ಎಂದು ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡು, ಅವರೆಕಾಯಿ ಬೆಲೆ ಕೇಳಿದೆ. ಅದರ ಮೇಲೆ ಅರ್ಧ ಗಂಟೆ ಮಾತಾಡಿದೆವು.