ಹಿಮದ ಮೇಲಣ ಪ್ರಾರಬ್ಧ

ನಾರ್ವೆ ದೇಶದ ರಾಜಧಾನಿಯಾದ ಓಸ್ಲೋ ನಗರದ ಅಂಚಿನಲ್ಲಿ, ಹೋಲ್ಮೆನ್‌ಕೊಲೆನ್ ಎಂಬ ಬೆಟ್ಟದ ಮೇಲೆ 1892ರಿಂದ ನಡೆದುಬಂದಿರುವ ಸ್ಕೀ ಉತ್ಸವದಲ್ಲಿ, ಬಹುಕಾಲದವರೆಗೆ ಅತ್ಯುನ್ನತವಾದ ಗೌರವವು ಬರಿಯ ಜಿಗಿತಗಾರನಿಗಾಗಲಿ ಬರಿಯ ಓಟಗಾರನಿಗಾಗಲಿ ಸಲ್ಲುತ್ತಿರಲಿಲ್ಲ. ಎರಡರಲ್ಲಿಯೂ ನುರಿತವನಿಗೆ ಸಲ್ಲುತ್ತಿದ್ದಿತು. ಕಡಿದಾದ ಇಳುಕಲಿನಲ್ಲಿ ಜಾರಿಬಂದು, ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗದಲ್ಲಿ ಅಂಚನ್ನು ಬಿಟ್ಟು, ಗಾಳಿಯಲ್ಲಿ ಮೈಚಾಚಿ ನೂರು ಮೀಟರಿನ ಆಸುಪಾಸು ತೇಲಿ ನೆಲಕ್ಕಿಳಿಯುವ ಧೈರ್ಯ ಒಂದು. ಏರುತಗ್ಗಿನ ಹಿಮದ ಹಾದಿಯಲ್ಲಿ ಹತ್ತು ಕಿಲೋಮೀಟರ್ ದೂರ ದಣಿವನ್ನು ಲೆಕ್ಕಿಸದೆ ಸಾಗುವ ಸಹನೆ ಇನ್ನೊಂದು. ಇವೆರಡೂ ಒಂದೇ ಶರೀರದಲ್ಲಿ ಸುಲಭವಾಗಿ ಕೂಡಿರತಕ್ಕವಲ್ಲ. ಹಾರುವವನಿಗೆ ಮೈ ಹಗುರವಾಗಿರಬೇಕು. ಓಡುವವನಿಗೆ ತೊಡೆತೋಳುಗಳಲ್ಲಿ ಬಲವಿರಬೇಕು. ನಾರ್ಡಿಕ್ ಕಂಬೈನ್ಡ್ ಎಂದು ಹೆಸರಾದ ಈ ಸ್ಪರ್ಧೆ 1924ರಲ್ಲಿ ಶಾಮೊನಿಯಲ್ಲಿ ನಡೆದ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಿಂದಲೂ ಉಂಟು. ಆದರೆ ನನ್ನ ಮನಸ್ಸನ್ನು ಹಿಡಿದದ್ದು ಅದರ ಸಾಹಸಕ್ಕಿಂತ ಹೆಚ್ಚಾಗಿ ಅದರ ಲೆಕ್ಕ.

ಮೊದಮೊದಲು ಓಟ ಮುಂದಾಗಿ ಜಿಗಿತ ಹಿಂದಾಗಿ ನಡೆಯುತ್ತಿದ್ದಿತು. 1952ರ ಓಸ್ಲೋ ಒಲಿಂಪಿಕ್ಸ್‌ನಲ್ಲಿ ಈ ಕ್ರಮ ತಿರುವುಮುರುವಾಯಿತು. ಕ್ರಮ ಯಾವುದಾದರೂ ಎರಡರ ಫಲವನ್ನೂ ಅಂಕಗಳಾಗಿ ಮಾರ್ಪಡಿಸಿ, ಕೂಡಿಸಿ, ಕೋಷ್ಟಕಗಳನ್ನು ತಿರುವಿಹಾಕಿ ಗಣಕರು ತೀರ್ಪು ಹೇಳುವ ತನಕ, ಓಡುತ್ತಿರುವವನಿಗಾಗಲಿ ದಡದಲ್ಲಿ ನಿಂತು ನೋಡುತ್ತಿರುವವನಿಗಾಗಲಿ ಯಾರು ಮುಂದೆ ಯಾರು ಹಿಂದೆ ಎಂಬುದು ಕಾಣಿಸುತ್ತಿರಲಿಲ್ಲ. ಎಲ್ಲವೂ ಚಿತ್ರಗುಪ್ತನ ಕಡತದಲ್ಲಿ. ತಾನೂ ಒಂದು ಕಾಲಕ್ಕೆ ಈ ಆಟದ ಪಟುವಾಗಿದ್ದ ಗುಂಡರ್ ಗುಂಡರ್‌ಸನ್ ಎಂಬ ನಾರ್ವೆಯವನು ಆಲೋಚಿಸಿದ ಪದ್ಧತಿಯೊಂದು 1980ರ ದಶಕದಲ್ಲಿ ಬಳಕೆಗೆ ಬಂದು, 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ಅಂಗೀಕಾರವನ್ನು ಪಡೆಯಿತು. ಜಿಗಿತದಲ್ಲಿ ಮೊದಲಿಗನಾದವನು ಓಟಕ್ಕೂ ಮೊದಲು ಹೊರಡತಕ್ಕದ್ದು. ಉಳಿದವರು ಜಿಗಿತದಲ್ಲಿ ಎಷ್ಟು ಹಿಂದುಳಿದರೋ ಅಷ್ಟು ತಡವಾಗಿ, ಈಗಿನ ಹತ್ತು ಕಿಲೋಮೀಟರ್ ಓಟದಲ್ಲಿ ಒಂದೊಂದು ಅಂಕಕ್ಕೆ 4 ಸೆಕೆಂಡಿನಂತೆ ಕಾದು, ಹಿಂದಿನಿಂದ ಹೊರಡತಕ್ಕದ್ದು. ಮುಕ್ತಾಯದ ಗೆರೆಯನ್ನು ಮೊದಲು ಮುಟ್ಟಿದವನೇ ವಿಜಯಿ. ಕಡತದಲ್ಲಿ ಅಡಗಿದ್ದ ಲೆಕ್ಕ ಹಿಮದ ಮೇಲೆ ಕಣ್ಣಿಗೆ ಕಾಣುವ ಅಂತರವಾಗಿ ಹರಡಿಕೊಂಡಿತು.

ನಮ್ಮ ದೇಶದ ಶಾಸ್ತ್ರಗಳ ವಾಸನೆಯಲ್ಲಿ ಬೆಳೆದ ಯಾರಿಗಾದರೂ ಇಲ್ಲಿ ಕರ್ಮವಿಚಾರ ನೆನಪಾಗದೆ ಇರದು. ಮುಂಚೆ ತಾನೇ ಮಾಡಿದ್ದು ಈಗ ತನ್ನ ನೆಲೆಯಾಗಿ ಬಂದು ನಿಂತಿದೆ. ಅದನ್ನು ತಿದ್ದುವಂತಿಲ್ಲ, ಆದರೆ ಅದನ್ನು ದಾಟಿ ಓಡಬಾರದೆಂಬ ನಿಷೇಧವೂ ಇಲ್ಲ. ಹಿಂದಿನ ಪೌರುಷವೇ ಇಂದು ದೈವವೆನ್ನಿಸಿಕೊಳ್ಳುತ್ತದೆಂದೂ, ಹಿಂದಿನದೂ ಇಂದಿನದೂ ಎರಡು ಟಗರುಗಳಂತೆ ಹೋರಾಡಲಾಗಿ ಬಲವುಳ್ಳದ್ದು ಗೆಲ್ಲುತ್ತದೆಂದೂ ಯೋಗವಾಸಿಷ್ಠದ ವಸಿಷ್ಠರು ರಾಮನಿಗೆ ತಿಳಿಸುತ್ತಾರೆ. ಫಲ ಕೊಡಲು ತೊಡಗಿಬಿಟ್ಟ ಕರ್ಮವನ್ನು ಶಂಕರಾಚಾರ್ಯರು ಬಿಲ್ಲಿನಿಂದ ಬಿಟ್ಟ ಬಾಣಕ್ಕೆ ಹೋಲಿಸುತ್ತಾರಷ್ಟೆ. ಅಂಚನ್ನು ಬಿಟ್ಟ ಜಿಗಿತಗಾರನ ಅವಸ್ಥೆ ಅದೇ. ಅಂದಿನ ಗಾಳಿ ಜಿಗಿತಕ್ಕೆ ಅವಕಾಶವನ್ನೇ ಕೊಡದಿದ್ದಲ್ಲಿ, ಮುಂಚಿತವಾಗಿ ಮಾಡಿಸಿ ಬರೆದಿಟ್ಟ ಜಿಗಿತವೊಂದರ ಫಲವನ್ನು ತೆಗೆದುಕೊಂಡು ಓಟವನ್ನು ನಡೆಸುವುದೂ ಉಂಟು. ಸಂಚಿತಕರ್ಮಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ಯಾವ ಪಂಡಿತನೂ ಕೊಡಲಾರನೆಂದು ತಮಾಷೆಗೆ ಹೇಳಬಹುದು. ಎದುರುಗಾಳಿ ಜಿಗಿತಗಾರನನ್ನು ಎತ್ತಿಹಿಡಿಯುತ್ತದೆ, ಬೆನ್ನಗಾಳಿ ಕೆಳಕ್ಕೆ ತಳ್ಳುತ್ತದೆ. ಅದಕ್ಕಾಗಿ ಗಾಳಿಯನ್ನು ಅಳೆದು ಅಂಕವನ್ನು ಕೂಡುವ ಕಳೆಯುವ ನಿಯಮವೂ ಇದೆ. ಅದೃಷ್ಟದ ಪಾಲನ್ನು ಲೆಕ್ಕದಿಂದ ತೆಗೆದುಹಾಕುವ ಈ ಶ್ರದ್ಧೆ ನಮ್ಮ ಧರ್ಮಶಾಸ್ತ್ರಕಾರರಿಗೂ ಹೊಳೆದಿರಲಿಲ್ಲ.

2022ರ ಫೆಬ್ರವರಿಯಲ್ಲಿ, ಬೀಜಿಂಗ್ ಒಲಿಂಪಿಕ್ಸ್‌ನ ಅಂಗವಾಗಿ ಜಾಂಗ್‌ಜಿಯಾಕೌ ಎಂಬಲ್ಲಿ ನಡೆದ ದೊಡ್ಡ ಬೆಟ್ಟದ ಸ್ಪರ್ಧೆಯು ಈ ವಿಚಾರಕ್ಕೆ ಒಂದು ಉಪಾಖ್ಯಾನವನ್ನೇ ಒದಗಿಸಿತು. ಅದಕ್ಕೆ ಮುಂಚೆ ಸತತವಾಗಿ ಮೂರು ಋತುಗಳಲ್ಲಿ ವಿಶ್ವಕಪ್ಪನ್ನು ಗೆದ್ದಿದ್ದ ನಾರ್ವೆಯ ಯಾರ್ಲ್ ಮಾಗ್ನುಸ್ ರೀಬರ್, ಚೀನಕ್ಕೆ ಬಂದಿಳಿದೊಡನೆ ಕೋವಿಡ್ ಸೋಂಕು ಕಂಡುಬಂದ ಕಾರಣ ದಿನಗಟ್ಟಲೆ ಕೊಠಡಿಯೊಳಗೆ ಪ್ರತ್ಯೇಕವಾಗಿದ್ದು, ಹೊರಬಂದವನೇ ಎಲ್ಲರಿಗಿಂತ ಮಿಗಿಲಾಗಿ ಜಿಗಿದು, 44 ಸೆಕೆಂಡುಗಳ ಮುನ್ನಡೆಯೊಂದಿಗೆ ಓಟಕ್ಕೆ ಹೊರಟನು. ಪ್ರಾರಬ್ಧ ಅವನ ಕಡೆಗಿದ್ದಿತು; ಪೌರುಷಕ್ಕೂ ಕೊರತೆಯಿರಲಿಲ್ಲ. ಮೊದಲ ಸುತ್ತಿನ ಕೊನೆಯಲ್ಲಿ ಎರಡನೆಯ ಸುತ್ತಿನ ಹಾದಿಯನ್ನು ಹಿಡಿಯಬೇಕಾದವನು ಮುಕ್ತಾಯದ ಹಾದಿಗೆ ನುಗ್ಗಿದನು. ತಪ್ಪು ತಿಳಿದು ಹಿಂತಿರುಗಿ ಬರುವಷ್ಟರಲ್ಲಿ, ಜಿಗಿತ ಗಳಿಸಿಕೊಟ್ಟಿದ್ದುದರ ಬಹುಭಾಗ ಕರಗಿಹೋಗಿದ್ದಿತು. ಕೊನೆಗೆ ದಕ್ಕಿದ್ದು ಎಂಟನೆಯ ಸ್ಥಾನ. ಹನ್ನೆರಡನೆಯವನಾಗಿ, 2 ನಿಮಿಷ 7 ಸೆಕೆಂಡು ತಡವಾಗಿ ಹೊರಟಿದ್ದ ಅವನ ದೇಶದವನೇ ಆದ ಯೋರ್ಗೆನ್ ಗ್ರೋಬಾಕ್ ಒಬ್ಬೊಬ್ಬರನ್ನೇ ಹಿಡಿಯುತ್ತ ಬಂದು, ಮತ್ತೊಬ್ಬ ನಾರ್ವೆಯವನನ್ನು ಅರ್ಧ ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಹಿಂದಿಕ್ಕಿ ಚಿನ್ನದ ಪದಕವನ್ನು ಗೆದ್ದನು.

ದೈವ ಹಾಗೂ ಪುರುಷಕಾರಗಳೆಂಬ ಎರಡೇ ಮನೆಗಳಲ್ಲಿ ಜಗತ್ತನ್ನೆಲ್ಲ ಹಂಚಿಡಬಯಸುವವರಿಗೆ ರೀಬರನ ಆ ತಿರುವು ಒಗ್ಗುವುದಿಲ್ಲ. ಅದು ದೈವವೇ? ದಾರಿ ಎಲ್ಲರಿಗೂ ಒಂದೇ ಆಗಿದ್ದಿತು. ಪೌರುಷದ ಅಭಾವವೇ? ಅವನು ಶಕ್ತಿಯಲ್ಲಿ ಸೋತವನಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ಸನತ್ಸುಜಾತನು ಧೃತರಾಷ್ಟ್ರನಿಗೆ ಪ್ರಮಾದವೇ ಮೃತ್ಯುವೆಂದು ಉಪದೇಶಿಸುತ್ತಾನೆ. ಮೈಮರೆವೆಂಬುದು ಹಿಂದಿನಿಂದ ಬಂದದ್ದಲ್ಲ, ಸಂಕಲ್ಪಿಸಿ ಮಾಡಿದ್ದೂ ಅಲ್ಲ. ಎರಡರ ನಡುವಣ ಸಂದಿಯಲ್ಲಿ ನುಸುಳಿಬರುವ ಮೂರನೆಯದೊಂದು. ನಮ್ಮ ಕರ್ಮಮೀಮಾಂಸೆ ಈ ಮೂರನೆಯದಕ್ಕೆ ಸಲ್ಲಬೇಕಾದಷ್ಟು ಮನ್ನಣೆಯನ್ನು ಕೊಟ್ಟಿಲ್ಲವೆಂದು ನನ್ನ ಭಾವನೆ.

ಆದರೂ ಈ ಸಾದೃಶ್ಯವನ್ನು ಹಿಡಿದು ಬಹುದೂರ ಹೋಗುವುದು ಅಪಾಯಕರ. ಗುಂಡರ್‌ಸನ್ನನ ಪದ್ಧತಿ ನ್ಯಾಯವೆಂದು ನಮಗೆ ತೋರುವುದೇತಕ್ಕೆ? ಜಿಗಿತದ ತುದಿಯಲ್ಲಿ ಎಲ್ಲರೂ ಸಮಾನರಾಗಿ ನಿಂತಿದ್ದರು. ಜಿಗಿದದ್ದನ್ನು ಸಾವಿರಾರು ಮಂದಿ ನೋಡಿದರು. ತಡವಾಗಿ ಹೊರಡುವವನಿಗೆ ತನ್ನ ತಡಕ್ಕೆ ಕಾರಣವಾದ ಜಿಗಿತದ ನೆನಪು ಇನ್ನೂ ಮೈಯಲ್ಲಿಯೇ ಇದೆ. ಸಂಸಾರದಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಒಬ್ಬನನ್ನು ಸುಖಿಯಾಗಿಯೂ ಇನ್ನೊಬ್ಬನನ್ನು ದುಃಖಿಯಾಗಿಯೂ ಸೃಜಿಸಿದ ಈಶ್ವರನಿಗೆ ಪಕ್ಷಪಾತ ನಿಷ್ಕಾರುಣ್ಯಗಳೆಂಬ ದೋಷ ತಟ್ಟದೆ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರವೇ ಎತ್ತಿಕೊಂಡು, ಆತನು ಜೀವಿಗಳ ಕರ್ಮವನ್ನು ಅಪೇಕ್ಷಿಸಿಯೇ ಸೃಜಿಸುವನೆಂದು ಪರಿಹಾರ ಹೇಳುತ್ತದೆ. ಹಾಗಾದರೆ ಮೊಟ್ಟಮೊದಲ ಸೃಷ್ಟಿಗೆ ಮುಂಚೆ ಯಾವ ಕರ್ಮವಿದ್ದಿತೆಂದು ಪೂರ್ವಪಕ್ಷಿ ಮತ್ತೆ ಕೇಳುತ್ತಾನೆ. ಸಂಸಾರ ಅನಾದಿ, ಬೀಜಾಂಕುರಗಳಂತೆ, ಎಂಬುದು ಉತ್ತರ. ತರ್ಕಕ್ಕೆ ಇದರಿಂದ ಬಾಯಿ ಕಟ್ಟಬಹುದು. ಆದರೆ ಮೊದಲ ಜಿಗಿತವೇ ಇಲ್ಲದ ಓಟದಲ್ಲಿ, ಎಂದಿಗೂ ಎಲ್ಲರೂ ಒಂದೇ ಅಂಚಿನಲ್ಲಿ ನಿಂತಿರದ ಓಟದಲ್ಲಿ, ಅಂತರವನ್ನು ನ್ಯಾಯವೆಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ. ತನ್ನ ಸ್ಥಿತಿಯನ್ನು ತನ್ನ ಪೂರ್ವಕರ್ಮದ ಫಲವೆಂದು ಒಪ್ಪಿಕೊಂಡು ಓಡಲು ತೊಡಗುವವನಲ್ಲಿ ಒಂದು ಗಾಂಭೀರ್ಯವುಂಟು. ಅದೇ ಮಾತನ್ನು ಹಿಂದುಳಿದ ಇನ್ನೊಬ್ಬನತ್ತ ಬೆರಳು ತೋರಿಸಿ ಆಡಿದಾಗ ಅದು ಶುದ್ಧ ಕ್ರೌರ್ಯ. ಗ್ರೋಬಾಕನಿಗೆ ತನ್ನ ಎರಡು ನಿಮಿಷಗಳ ಲೆಕ್ಕ ಗೊತ್ತಿದ್ದಿತು. ಹೊಲಗೇರಿಯಲ್ಲಿ ಹುಟ್ಟಿದವನಿಗೆ ಅವನ ಅಂತರದ ಲೆಕ್ಕವನ್ನು ಯಾರು ತೋರಿಸಿದ್ದರು?

ಈ ಆಟದಲ್ಲಿಯೂ ಯಾವ ಜಿಗಿತಕ್ಕೂ ಸಂಬಂಧಪಡದ ಅಂತರವೊಂದು ಉಳಿದುಕೊಂಡಿದೆ. ಮಹಿಳೆಯರಿಗೆ ವಿಶ್ವಕಪ್ ಸ್ಪರ್ಧೆ 2020ರಲ್ಲಿ ಆರಂಭವಾಯಿತು, 2021ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿಯೂ ಅವರು ಸೆಣಸಿದರು; ಆದರೂ 2026ರ ಒಲಿಂಪಿಕ್ಸ್‌ಗೆ ಅವರನ್ನು ಸೇರಿಸಿಕೊಳ್ಳುವುದಿಲ್ಲವೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2022ರಲ್ಲಿ ತೀರ್ಮಾನಿಸಿತು. ಸ್ಪರ್ಧಿಸುವ ದೇಶಗಳು ಕಡಿಮೆ, ನೋಡುವವರು ಕಡಿಮೆ ಎಂಬುದು ಕೊಟ್ಟ ಕಾರಣ. ಹೊರಡುವ ಗೆರೆಯ ಬಳಿಗೇ ಬರಗೊಡದವರಿಗೆ ಎಷ್ಟು ಸೆಕೆಂಡುಗಳ ತಡವೆಂದು ಯಾವ ಗಣಕನೂ ಹೇಳಲಾರನು. ವಿಚಿತ್ರವೆಂದರೆ, ಈ ಲೆಕ್ಕದ ಆಟವನ್ನು ಹೆತ್ತ ನಾರ್ವೆ 1537ರಿಂದ ಲೂಥರನ ಮತವನ್ನು ಹಿಡಿದ ನಾಡು. ಸತ್ಕರ್ಮಗಳ ಗಳಿಕೆಯಿಂದ ಮೋಕ್ಷವಿಲ್ಲ, ಅದು ಕೇವಲ ಅನುಗ್ರಹವೆಂಬುದು ಆ ಮತದ ತಿರುಳು. ಸಂಜೆಗೆ ಬಂದ ಕೂಲಿಯವನಿಗೂ ಮುಂಜಾನೆ ಬಂದವನಿಗೂ ಒಂದೇ ಕೂಲಿಯನ್ನು ಕೊಟ್ಟ ದ್ರಾಕ್ಷಿತೋಟದ ಯಜಮಾನನ ಕತೆಯನ್ನು ದೇವಾಲಯದಲ್ಲಿ ಕೇಳಿದ ಜನವೇ ಹಿಮದ ಮೇಲೆ ಸೆಕೆಂಡು ಸೆಕೆಂಡಿಗೂ ಕರ್ಮಫಲವನ್ನು ಅಳೆದು ಕೊಟ್ಟಿತು.

ಅಳತೆ ತಪ್ಪಿದ್ದೂ ಉಂಟು. 1924ರ ಶಾಮೊನಿಯಲ್ಲಿ ನಾರ್ಡಿಕ್ ಕಂಬೈನ್ಡ್ ಸೇರಿ ಮೂರು ಚಿನ್ನಗಳನ್ನು ಗೆದ್ದ ನಾರ್ವೆಯ ಟೋರ್ಲೈಫ್ ಹೌಗ್, ಜಿಗಿತದ ಪ್ರತ್ಯೇಕ ಸ್ಪರ್ಧೆಯಲ್ಲಿಯೂ ಕಂಚನ್ನು ಪಡೆದನೆಂದು ಸಾರಲಾಯಿತು. ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆಹೋಗಿದ್ದ ಆಂಡರ್ಸ್ ಹೌಗೆನ್ ನಾಲ್ಕನೆಯವನೆನ್ನಿಸಿಕೊಂಡು ಬರಿಗೈಯಲ್ಲಿ ಮರಳಿದನು. ಅಂಕಗಳನ್ನು ಕೂಡುವಲ್ಲಿ ತಪ್ಪಾಗಿದ್ದುದು ಬೆಳಕಿಗೆ ಬಂದದ್ದು ಐವತ್ತು ವರ್ಷಗಳ ಮೇಲೆ. ಕೃತಹಾನಿ, ಅಕೃತಾಭ್ಯಾಗಮ, ಅಂದರೆ ಮಾಡಿದ್ದರ ಫಲ ನಾಶವಾಗುವುದು, ಮಾಡದುದರ ಫಲ ಬಂದು ಸೇರುವುದು ಎಂದು ನಮ್ಮ ತಾರ್ಕಿಕರು ಹೆಸರಿಸುವ ಎರಡು ದೋಷಗಳೂ ಒಂದೇ ಕಾಗದದ ಮೇಲೆ ಐವತ್ತು ವರ್ಷ ಮಲಗಿದ್ದವು. ಹೌಗ್ 1934ರಲ್ಲಿಯೇ ತೀರಿಕೊಂಡಿದ್ದನು. ಎಂಬತ್ತು ದಾಟಿದ್ದ ಹೌಗೆನ್ 1974ರಲ್ಲಿ ಓಸ್ಲೋಗೆ ಬಂದಾಗ ಹೌಗನ ಮಗಳು ತಂದೆಯ ಕಂಚಿನ ಪದಕವನ್ನು ಅವನ ಕೈಗಿತ್ತಳು. ಹೌಗೆನ್ನನ ಆ ಐವತ್ತು ವರ್ಷಗಳಿಗೆ ಕಾರಣವನ್ನು ಅವನ ಪೂರ್ವಜನ್ಮದಲ್ಲಿ ಹುಡುಕಲು ಯಾರೂ ಹೋಗಲಿಲ್ಲ. ಅಂಕಗಳನ್ನು ಇನ್ನೊಮ್ಮೆ ಕೂಡಿ ನೋಡಿದರು.