ಮೊದಲು ಕಾಗುಣಿತ

ತಂಗಿಯ ಮಗಳು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಕಾಗುಣಿತ ತಪ್ಪಿದ ಕನ್ನಡ ಪದಗಳನ್ನು ತಾನಾಗಿ ಗುರುತಿಸುವ ಮಾದರಿಯೊಂದನ್ನು ಕಟ್ಟುವುದು ಅವಳ ಪ್ರಾಜೆಕ್ಟ್. ಯಂತ್ರ ಕಲಿಯಬೇಕಾದರೆ ಅದಕ್ಕೆ ಓದಲು ಕನ್ನಡ ಬೇಕು, ಅದೂ ರಾಶಿಗಟ್ಟಲೆ. “ಮಾವ, ನೀವು ಬರೆದದ್ದೆಲ್ಲ ಕೊಡಿ” ಎಂದಳು. ಹಳೆಯ ಬರಹಗಳನ್ನೆಲ್ಲ ತುಂಬಿಟ್ಟಿದ್ದ ಪೆನ್‌ಡ್ರೈವ್ ಕೊಟ್ಟೆ. ಮಾರನೆಯ ದಿನ ಬೆಳಿಗ್ಗೆಯೇ ಅವಳ ಫೋನು: “ಮಾವ, ಇದರಲ್ಲಿ ಕನ್ನಡದ ಒಂದಕ್ಷರವೂ ಇಲ್ಲವಲ್ಲ!”

ಹೋಗಿ ನೋಡಿದೆ. ಅವಳು ಹೇಳಿದ್ದು ನಿಜ. ನಾನು ‘ಕನ್ನಡ’ ಎಂದು ಬರೆದಿದ್ದ ಕಡೆ ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ನರ ಜೋಡಿ ‘ಎಸ್’, ಸಣ್ಣ ‘ಕ್ಯೂ’, ಕೊನೆಗೆ ಇನ್ನೊಮ್ಮೆ ‘ಎ’. ಏಳು ಚಿಹ್ನೆಗಳಲ್ಲಿ ಒಂದೂ ನಮ್ಮದಲ್ಲ.

ಇದು ಯಾರ ತಪ್ಪೂ ಅಲ್ಲ. ಆ ಕಾಲದ ಫಾಂಟಿನಲ್ಲಿ ಇದ್ದದ್ದೇ 256 ಮನೆಗಳು. ಅವುಗಳಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳು ಆಗಲೇ ಬಿಡಾರ ಹೂಡಿದ್ದವು. ‘ಬರಹ’, ‘ನುಡಿ’ಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಆ ಅಕ್ಷರಗಳ ಚಿತ್ರ ತೆಗೆದು ನಮ್ಮ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳ ಚಿತ್ರ ಕೂರಿಸಿದ್ದರು. ಆ ಜಾಣ್ಮೆಯಿಂದಲೇ ಎಷ್ಟೋ ಕನ್ನಡ ಪುಸ್ತಕಗಳು, ಸುತ್ತೋಲೆಗಳು, ಲಗ್ನಪತ್ರಿಕೆಗಳು ಅಚ್ಚಾದವು. ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿ ಸಿಕ್ಕಿತ್ತು. ಆದರೆ ಅದು ನಮ್ಮ ಕಂಪ್ಯೂಟರುಗಳವರೆಗೆ ಬಂದು ಬಳಕೆಗೆ ಇಳಿಯಲು ವರ್ಷಗಳೇ ಹಿಡಿದವು. ಅಲ್ಲಿಯತನಕ ಕಣ್ಣಿಗೆ ಕನ್ನಡ, ಕಡತದೊಳಗೆ ಪೌಂಡ್ ಚಿಹ್ನೆ. ಮನುಷ್ಯರು ಓದುವವರೆಗೆ ಇದರಿಂದ ತೊಂದರೆಯಾಗಲಿಲ್ಲ. ಯಂತ್ರಕ್ಕೆ ಓದಿಸಲು ಹೊರಟಾಗ ಗುಟ್ಟು ಹೊರಬಿತ್ತು.

ದಾರಿ ತೋರಿಸಿದ್ದು ಪೈಥಾನ್ ಭಾಷೆಯ ಒಂದು ಪುಟ್ಟ ಲೈಬ್ರರಿ. ಕನ್ನಡ ಬಲ್ಲವರು ಬರೆದು, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಮುಕ್ತವಾಗಿ ಬಿಟ್ಟಿದ್ದಾರೆ. ಹಳೆಯ ಫಾಂಟಿನ ಬರಹ ಕೊಟ್ಟರೆ ಯೂನಿಕೋಡ್ ಕನ್ನಡ ಕೊಡುತ್ತದೆ. ಈ ಚಿಹ್ನೆಗೆ ಈ ಅಕ್ಷರ ಎನ್ನುವ ಪಟ್ಟಿ ಅದರಲ್ಲಿದೆ. ಆದರೆ ಅದರ ಜೀವಾಳ ಪಟ್ಟಿಯಲ್ಲಿಲ್ಲ. ‘ಕರ್ನಾಟಕ’ ಎಂದು ಬರೆದು ನೋಡಿ. ಕೈ ಮೊದಲು ‘ನಾ’ ಬರೆಯುತ್ತದೆ, ಆಮೇಲೆ ಪಕ್ಕದಲ್ಲಿ ಅರ್ಕಾವೊತ್ತು. ನಾಲಗೆ ಮಾತ್ರ ‘ರ್’ ಅನ್ನು ಮೊದಲು ಹೇಳುತ್ತದೆ. ಹಳೆಯ ಫಾಂಟು ಕೈಯ ಕ್ರಮ ಹಿಡಿಯಿತು, ಯೂನಿಕೋಡ್ ನಾಲಗೆಯ ಕ್ರಮ ಹಿಡಿಯಿತು. ಹಾಗಾಗಿ ಲೈಬ್ರರಿ ಪ್ರತಿ ಅರ್ಕಾವೊತ್ತನ್ನೂ ಎತ್ತಿ ಒಂದು ಅಕ್ಷರ ಹಿಂದಕ್ಕೆ ತಂದು ಕೂರಿಸಬೇಕು. ‘ಅಕ್ಕಿ’ಯಲ್ಲಿ ಇನ್ನೊಂದು ಬಗೆ. ಗುಡಿಸನ್ನು ನಾವು ಕೊಡುವುದು ಮೇಲಿನ ‘ಕ’ಗೆ, ಆದರೆ ‘ಇ’ ಸ್ವರ ಸೇರುವುದು ಕೆಳಗಿನ ಒತ್ತಿಗೆ. ಒಂದನೆಯ ತರಗತಿಯಲ್ಲಿ ಮೇಷ್ಟ್ರು ಸ್ಲೇಟಿನ ಮೇಲೆ ಕೈಹಿಡಿದು ತಿದ್ದಿಸಿದ್ದನ್ನೇ ಯಾರೋ ತಾಳ್ಮೆಯಿಂದ ಸಾಲು ಸಾಲಾಗಿ ಕೋಡ್ ಮಾಡಿದ್ದಾರೆ.

ಆ ಕೋಡಿನಲ್ಲಿ ಒಂದು ಭಾಗದ ಹೆಸರೇ ಅರ್ಕಾವೊತ್ತು. ಹುಡುಗಿ ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. “ಹಾಗಂದರೆ ಏನು ಮಾವ?” ಎಂದು ಕೇಳಿದಳು. ಕಾಗದದ ಮೇಲೆ ಬರೆದು ತೋರಿಸಿದೆ. ಅವಳು ದಿನವೂ ಬರೆಯುವ ಗುರುತಿಗೆ ಒಂದು ಹೆಸರಿದೆಯೆಂದು ಅಂದು ಗೊತ್ತಾಯಿತು.

ನನ್ನ ಈಚಿನ ಬರಹಗಳು ಯೂನಿಕೋಡಿನಲ್ಲೇ ಇದ್ದವು. ಅಲ್ಲಿ ಬೇರೆಯೇ ಪಾಠ ಕಾದಿತ್ತು. ಕಣ್ಣಿಗೆ ಕಾಣದ ಚಿಹ್ನೆಗಳೆಲ್ಲ ಕಸವೆಂದು ಅವಳು ಒಂದೇ ಏಟಿಗೆ ಗುಡಿಸಿ ಹಾಕಿದ್ದಳು. ಅಚ್ಚು ತೆಗೆದು ಓದಿದರೆ ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗಿದೆ, ‘ಪೆನ್‌ಡ್ರೈವ್’ ಗುರುತೇ ಸಿಗದಷ್ಟು ಮುದುಡಿದೆ. ‘ಜ್’ ಮತ್ತು ‘ಕು’ ಒಂದಕ್ಕೊಂದು ಒತ್ತಾಗದಂತೆ ನಡುವೆ ನಿಂತು ಕಾಯುತ್ತಿದ್ದದ್ದು ಆ ಕಾಣದ ಚಿಹ್ನೆಯೇ. ಇನ್ನೊಂದೆಡೆ ‘ನೀರು’ ಎಂಬ ಪದ ಲೆಕ್ಕದಲ್ಲಿ ಎರಡಾಗಿತ್ತು. ‘ನೀ’ಯಲ್ಲಿರುವ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಗುಡಿಸು ಮತ್ತು ದೀರ್ಘ ಎಂದು ಎರಡಾಗಿಯೂ ಇಡಬಹುದು. ನಮ್ಮ ಕಣ್ಣಿಗೆ ಎರಡೂ ಒಂದೇ ನೀರು, ಯಂತ್ರಕ್ಕೆ ಬೇರೆ ಬೇರೆ. ಇದನ್ನು ಒಂದುಗೂಡಿಸುವ ಸವಲತ್ತು ಪೈಥಾನ್ ಜೊತೆಗೇ ಬರುತ್ತದೆ, ಒಂದು ಸಾಲಿನ ಕೆಲಸ. ಆದರೆ ‘ಬಂತು’ ಎಂಬಲ್ಲಿ ಅನುಸ್ವಾರದ ಬದಲು ಅಂಕಿಯ ಸೊನ್ನೆ ಒತ್ತಿದ್ದೆನಲ್ಲ, ಅದನ್ನು ಹುಡುಕಿ ಹಿಡಿಯಲು ಕನ್ನಡ ಬಲ್ಲ ಕಣ್ಣೇ ಬೇಕಾಯಿತು.

ಹೀಗೆ ಒಂದು ವಾರ ಸಂಜೆಗಳಲ್ಲಿ ಇಬ್ಬರೂ ಕೂತೆವು. ಮಾದರಿಯನ್ನು ಅವಳು ಇನ್ನೂ ಕಟ್ಟಲು ಶುರುಮಾಡಿರಲಿಲ್ಲ, ಬರೀ ಅದಕ್ಕೆ ಉಣಿಸುವ ಪಠ್ಯವನ್ನು ಸರಿಮಾಡಿದ್ದು. ಆದರೂ ಇದೇ ಮುಖ್ಯ ಕೆಲಸವೆಂದು ನನಗೆ ಮನವರಿಕೆಯಾಯಿತು. ಕಾಗುಣಿತ ಕೆಟ್ಟ ಪಠ್ಯ ಓದಿದ ಯಂತ್ರ ಆ ಕೆಡುಕನ್ನೇ ಸರಿಯೆಂದು ಕಲಿತು ನಮಗೇ ತಿರುಗಿಸಿ ಹೇಳಿಕೊಡುತ್ತದೆ. ಕನ್ನಡದ ಮಟ್ಟಿಗೆ ಕೃತಕ ಬುದ್ಧಿಮತ್ತೆಗೆ ದೊಡ್ಡ ಯಂತ್ರ, ದೊಡ್ಡ ಬಂಡವಾಳ ಬೇಕು, ನಿಜ. ಅದಕ್ಕೂ ಮೊದಲು ಒತ್ತು ಎಲ್ಲಿ ಕೂರಬೇಕೆಂದು ಬಲ್ಲವರು ಬೇಕು. ಅಂಥವರು ಪ್ರತಿ ಊರಿನಲ್ಲೂ ಇದ್ದಾರೆ: ನಿವೃತ್ತ ಮೇಷ್ಟ್ರು, ಕರಡು ತಿದ್ದುವವರು, ಡಿ.ಟಿ.ಪಿ. ಅಂಗಡಿಯವರು.

ನಿಮ್ಮ ಮನೆಯಲ್ಲೂ ಅಂಥದೊಂದು ಪೆನ್‌ಡ್ರೈವ್, ಹಳೆಯ ಸಿ.ಡಿ. ಇದ್ದೀತು. ಅದರಲ್ಲಿ ಸಂಘದ ಸ್ಮರಣ ಸಂಚಿಕೆ, ಅಜ್ಜ ಬರೆಸಿದ ನೆನಪುಗಳು, ಊರ ಜಾತ್ರೆಯ ವಿವರ ಇದ್ದೀತು. ಇವತ್ತು ಅದರಲ್ಲೊಂದು ಕಡತ ತೆರೆದು ಯೂನಿಕೋಡಿಗೆ ತನ್ನಿ. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲೂ ಓದಿ. ತಪ್ಪು ಸಿಕ್ಕರೆ ತಿದ್ದಿ. ಲೈಬ್ರರಿ ಎಡವಿದ ಪದವನ್ನು ಅದನ್ನು ಕಟ್ಟಿದವರಿಗೂ ತಿಳಿಸಿ. ನಾವು ಎರಡು ಪದ ಕಳಿಸಿದ್ದೇವೆ. ಮುಂದೆ ಎಲ್ಲೋ ಯಾರೋ ತಮ್ಮ ಅಜ್ಜನ ಕಡತ ತೆರೆದಾಗ ಆ ಎರಡು ಪದಗಳಾದರೂ ನೆಟ್ಟಗೆ ಮೂಡಲಿ.